ಚಪ್ಪಲಿ ಬಿಟ್ಟ ಬಾವಿ

ಮೂರು ರಾತ್ರಿಯಿಂದ ಮಾಳಿಗೆ ಕೋಣೆಯಲ್ಲಿ
ಫ್ಯಾನು ಬಂದ್ ಮಾಡಿ ಕೂತಿದ್ದೇನೆ;
ಅದರ ಗುರುಗುರು ರೇಡಿಯೋದೊಳಗೆ ನುಗ್ಗುತ್ತದೆ.
ಬೀದರಿನ ಈ ಕಂಬಕ್ಕೂ ಹುಲಸೂರಿನ ಆ ಕಂಬಕ್ಕೂ
ನಡುವೆ ದಿಬ್ಬ. ಅಲೆ ಹಾಯುವುದಿಲ್ಲ.
ಅದಕ್ಕೇ ಇಂಟರ್ನೆಟ್ಟಿನ ಹೊಟ್ಟೆಯಲ್ಲಿ ಒಂದು ಸುರಂಗ:
ಲಕೋಟೆಯೊಳಗೆ ಲಕೋಟೆ.
ಒಳಗಿನದಕ್ಕೆ ನಮ್ಮ ಹ್ಯಾಮಿನವರ ನಲವತ್ನಾಲ್ಕರ ವಿಳಾಸ,
ಹೊರಗಿನದಕ್ಕೆ ತಿಂಗಳ ಬಾಡಿಗೆಯ ಕಂಪನಿಯದು.
ಸುತ್ತಿದ ಕಾಗದಕ್ಕೂ ತೂಕವುಂಟು, ಇಪ್ಪತ್ತು ಬೈಟು.
ಅಷ್ಟು ಕಳೆದೇ ಇಟ್ಟಿದ್ದೆ. ತಪ್ಪು ಅಲ್ಲಿಲ್ಲ.

ಕೂಗಿದರೆ ಹೋಗುತ್ತದೆ.
"ಬಂತ್ರೀ ಅಕ್ಕಾ, ನಾ ಓ ಅಂದೀನಿ,"
ಫೋನಿನಲ್ಲಿ ತುಕಾರಾಮ.
ಆ ಓ ಮಾತ್ರ ನನಗೆ ಮುಟ್ಟುವುದಿಲ್ಲ.
ನೂರು ಕಳಿಸಿದೆ,
ಬಂದದ್ದು ಸೊನ್ನೆ.

ಬೆಳಿಗ್ಗೆ ನೌಬಾದಿನಲ್ಲಿ ಹಾಲು ಕೊಂಡು ತಿರುಗಿದರೆ
ಧೋಂಡಿಬಾ ಕಾಕಾ. ಕರೇಜಿನ ಹೂಳು ತೆಗೆಯಲು ಇಳಿದವ.
ಕೇಳದಿದ್ದರೂ ಹೇಳುತ್ತಾನೆ, ಎಂದಿನಂತೆ:
"ಮೂರನೇ ಬಾವಿಲಿಂದ ಇಳದಿದ್ದೆ ನೋಡು.
ಚಪ್ಪಲಿ ಅಲ್ಲೇ, ಹಗ್ಗ ಹಿಡದೋರೂ ಅಲ್ಲೇ.
ಒಳಗ ಕತ್ತಲ, ಮೊಣಕಾಲತನ ನೀರು.
ಬೆಳಕು ಕಂಡಲ್ಲಿ ಏರಿದೆ, ಅದು ಐದನೇದು!
ಮೈತುಂಬ ಕೆಸರು. ಅಲ್ಲಿದ್ದೋರಿಗಿ ನನ್ನ ಗುರ್ತಿಲ್ಲ,
ಯಾವನಲೇ ನೀ ಅಂತ ಅಟ್ಟಿಬಿಟ್ಟರು.
ಮೂರನೇದ್ರ ಮ್ಯಾಲ ನನ್ನ ಚಪ್ಪಲಿ ನೋಡಿ
ಸತ್ತ ಅಂತ ಅಳ್ಲಾಕತ್ತಿದ್ರು."

ಎಷ್ಟು ಸಲ ಕೇಳಿ ನಕ್ಕಿದ್ದೆನೋ.
ಇವತ್ತು ಹಾಲಿನ ಪಾಕೀಟು ಕೈಯಲ್ಲೇ ಬೆಚ್ಚಗಾಯಿತು.

ತುಕಾರಾಮನ ಓ ಕಂಪನಿಯ ಬಾಗಿಲಲ್ಲಿ ಏರಿದೆ.
ಬೆನ್ನ ಮೇಲೆ ನಲವತ್ನಾಲ್ಕು ಬರೆದುಕೊಂಡವನ
ಗುರುತು ಅಲ್ಲಿನ ಕಾವಲುಗಾರನಿಗೆಲ್ಲಿ?
ಅಟ್ಟಿದ್ದಾನೆ. ನಾನಿಲ್ಲಿ
ಚಪ್ಪಲಿ ನೋಡುತ್ತ ಕೂತಿದ್ದೇನೆ.

ರಾತ್ರಿ ಅವನಿಗೆ ಅಕ್ಷರ ಅಕ್ಷರ ಹೇಳಿದೆ.
ದಾರಿಗಳ ಇನ್ನೊಂದು ಪಟ್ಟಿ ಬರಿ,
ಅದರಲ್ಲಿ ಒಂದೇ ಸಾಲು, ಸುರಂಗ.
ಆಮೇಲೆ ಒಂದು ನಿಯಮ:
ನಲವತ್ನಾಲ್ಕರವನಾಗಿ ಹೊರಟವನು
ಹೆದ್ದಾರಿಯನ್ನು ಕೇಳಬಾರದು, ಈ ಪಟ್ಟಿಯನ್ನೇ ಕೇಳಬೇಕು.
ಎರಡು ಸಲ ಚುಕ್ಕಿ ಬಿಟ್ಟ. ಕೆಮ್ಮಿದ.
"ತಡೀರಿ, ಕರೆಂಟ್ ಹೋಯ್ತು." ಬ್ಯಾಟರಿಗೆ ಹಾಕಿದ.
ಮತ್ತೆ ಮೊದಲಿಂದ.

ಅರವತ್ತೊಂದು ಮಿಲಿಸೆಕೆಂಡು.
ಮತ್ತೆ ಅರವತ್ತೊಂದು. ಅರವತ್ತು.

ಚೀರಬೇಕೆನಿಸಿತು; ಕೆಳಗೆ ಅತ್ತೆ ಮಲಗಿದ್ದಾರೆ.
ಫೋನು ಇಟ್ಟೆ. ಇನ್ನು ಅದು ಬೇಡ.
ಕಪ್ಪು ಪರದೆಯ ಮೇಲೆ
ಅವನ ಮೊದಲ ಸಾಲು ಬಂತು:
ಕಂಬ ವಾಲ್ಯಾದ ಅಕ್ಕಾ,
ಐತವಾರ ಬರೋದಿದ್ರ ಹಗ್ಗ ತರ್ರಿ.

ಅದೇ ದಾರಿಯಲ್ಲಿ ಬರೆದೆ:
ಎಷ್ಟು ಮೊಳ?