ಡ್ಯೂಟಿ ಫೋನು

ಪರದೆಯ ಮೇಲೊಂದು ಬಿರುಕು, ಎಡಮೂಲೆಯಿಂದ ಕೆಳಕ್ಕೆ.
ಬೆನ್ನಿಗೆ ಮಾಸಿದ ಟೇಪು, ಅದರ ಮೇಲೆ ಯಾರದೋ ಕೈಬರಹ:
'ಹ್ಯಾಲ್‌ಬರ್ಗ್ ಹಾಲ್. ಆರಿಸಬೇಡಿ.'
ಸಂಜೆ ಏಳಕ್ಕೆ ಒಂದು ಕೈಯಿಂದ ಇನ್ನೊಂದಕ್ಕೆ
ದಾಟುತ್ತದೆ ಈ ಫೋನು, ಬೆಚ್ಚಗೆ,
ಜೊತೆಗೆ ಇನ್ನೂರ ಹದಿನೆಂಟು ಬಾಗಿಲಿಗೆ ಒಂದೇ ಕೀಲಿ.

ನಾವು ಹನ್ನೊಂದು ಮಂದಿ, ಇಪ್ಪತ್ತರ ಆಸುಪಾಸು.
ಕೋಣೆ, ಊಟ ಬಿಟ್ಟಿ; ಬದಲಿಗೆ ನಮ್ಮ ನಿದ್ದೆ.
ಡುಲೂತಿನ ಚಳಿ ಕಾಣದವರಿಗೆ ಹೇಳುತ್ತೇನೆ:
ಇಲ್ಲಿ ಸರೋವರವೇ ರಾತ್ರಿಯಿಡೀ ಮುಲುಗುತ್ತದೆ, ಹೆಪ್ಪುಗಟ್ಟುತ್ತ.
ಅಂಥಲ್ಲಿ ಬೆಳಗಿನ ಜಾವ ಮೂರೂ ಹತ್ತಕ್ಕೆ ಬೆಂಕಿಗಂಟೆ.
(ಯಾರೋ ಪಾಪ್‌ಕಾರ್ನ್ ಸುಟ್ಟಿರುತ್ತಾರೆ. ಯಾವಾಗಲೂ ಪಾಪ್‌ಕಾರ್ನೇ.)
ಹಿಮದಲ್ಲಿ ನಿಂತು ಕಂಬಳಿ ಹೊದ್ದ ನಾನೂರು ತಲೆ ಎಣಿಸಬೇಕು;
ಮೀನಿನ ಬುಂಡೆ ಎದೆಗವಚಿ ಬಂದವನೊಬ್ಬ
'ಇದನ್ನೂ ಎಣಿಸಿ' ಅನ್ನುತ್ತಾನೆ.

ಪ್ರೂಯಿಟ್ ಮುಖ್ಯಸ್ಥನಾಗಿದ್ದಾಗ ಗೋಡೆಗೊಂದು ಪೋಸ್ಟರು:
'ನಾವೆಲ್ಲ ಒಂದೇ ಕುಟುಂಬ.'
ತಿಂಗಳಿಗೊಮ್ಮೆ ಪಿಜ್ಜಾ, ಮೂಗಿಗೆ ತುಪ್ಪ ಸವರಿದ ಹಾಗೆ.
ರಾತ್ರಿ ಕರೆ ಮಾಡಿದರೆ ಅವನ ಮೊದಲ ಮಾತು
'ಫಾರಂ ತುಂಬಿದೆಯಾ?'
ಎರಡನೆಯ ಮಾತು ಇರುತ್ತಿರಲಿಲ್ಲ.
ಬಡ್ತಿ ಸಿಕ್ಕಿ ಹೋದ. ಕೇಕು ಕತ್ತರಿಸಿದೆವು.
ಪೋಸ್ಟರುಗಳನ್ನು ಇಳಿಸಿದವನು ನೆಲ ಒರೆಸುವ ವೆಂಡಲ್,
ಗೋಡೆ ಕೆರೆಯುತ್ತ ಗೊಣಗಿದ:
'ಕುಟುಂಬಕ್ಕೆ ಇಷ್ಟೊಂದು ಅಂಟು ಬೇಕಾಗೋದಿಲ್ಲ.'

ಓಡ್ನಿ ಟಾಲೆಫ್ಸನ್ ಬಂದದ್ದು ಆಗಸ್ಟಿನಲ್ಲಿ.
ನಗು ಕಡಿಮೆ, ಮಾತು ಕಡ್ಡಿ ಮುರಿದ ಹಾಗೆ.
ಅಕ್ಕನ ಮದುವೆಗೆ ನಾನು ಕೇಳಿದ ಮೂರು ದಿನದಲ್ಲಿ
ಒಂದನ್ನು ಕತ್ತರಿಸಿಯೇ ಕೊಟ್ಟಳು.
ಅವಳನ್ನು ದೇವತೆ ಮಾಡಲು ನಾನಿದನ್ನು ಬರೆಯುತ್ತಿಲ್ಲ.
ಬಜೆಟ್ಟು ಇಳಿದಾಗ ರಾತ್ರಿಗೆ ಇಬ್ಬರೇಕೆ, ಒಬ್ಬರು ಸಾಕು ಎಂದು
ಪಟ್ಟಿಯ ಮೇಲೆ ಗೆರೆ ಎಳೆದವಳೂ ಅವಳೇ,
ಕೆಂಪು ಪೆನ್ನಿನಲ್ಲಿ.

ಫೆಬ್ರವರಿಯ ಆ ಗುರುವಾರ ಫೋನಿದ್ದದ್ದು ಟೇವಿಶ್ ಬಳಿ.
ನಾಲ್ಕನೆಯ ಮಹಡಿ, ಬಚ್ಚಲ ಬಾಗಿಲು, ಒಳಗಿನಿಂದ ಚಿಲಕ,
ಆಚೆ ಒಬ್ಬ ಹುಡುಗಿ, ಅಳುವುದನ್ನೂ ನಿಲ್ಲಿಸಿದವಳು.
ಆಂಬುಲೆನ್ಸು ಗುಡ್ಡದ ತಿರುವಿನಲ್ಲಿ ಹಿಮಕ್ಕೆ ಸಿಕ್ಕಿ ತಡ.
ಅವನಿಗೆ ತೋಚಿದ್ದು ಸುಮ್ಮನೆ ಮಾತಾಡುತ್ತಲೇ ಇರುವುದು:
ತಮ್ಮ ಸಾಕಿದ ಬಾತುಕೋಳಿಗಳ ಹೆಸರು, ಒಂದೊಂದಾಗಿ,
ಅಪ್ಪನ ಕೆಟ್ಟು ನಿಂತ ಟ್ರಕ್ಕು, ಐಸ್ ಹಾಕಿಯಲ್ಲಿ ಮುರಿದ ತನ್ನ ಹಲ್ಲು,
ಮತ್ತೆ ಮೊದಲಿನಿಂದ ಬಾತುಕೋಳಿಗಳು.
ಒಂದು ಗಂಟೆ ನಲವತ್ತು ನಿಮಿಷ. ಒಬ್ಬನೇ.
ಚಿಲಕ ತೆಗೆದಳು. ಬದುಕಿದ್ದಾಳೆ.
ಬೆಳಗ್ಗೆ ಎಂಟಕ್ಕೆ ಅವನ ಕೆಮಿಸ್ಟ್ರಿ ಪರೀಕ್ಷೆ; ಖಾಲಿ ಹಾಳೆ ಕೊಟ್ಟು ಬಂದ.
ಹತ್ತಕ್ಕೆ ಓಡ್ನಿಯ ಮೇಲ್:
'ವರದಿ ಇನ್ನೂ ಬಂದಿಲ್ಲ.'

ಸೋಮವಾರದ ಸಭೆ. ಹೀಟರಿನ ಕಟಕಟ.
ಅವಳು ಕೂರಲಿಲ್ಲ.
'ರಾತ್ರಿಗೊಬ್ಬರು ಎಂದು ಮಾಡಿದ್ದು ನಾನು. ತಪ್ಪು ನನ್ನದು.
ಆ ಮೇಲ್ ಕಳಿಸಿದ್ದು ಇನ್ನೊಂದು ತಪ್ಪು.
ಟೇವಿಶ್, ಕ್ಷಮಿಸು.'

ಇನ್ನೇನು ಬರುತ್ತದೆ 'ಆದರೆ' ಎಂದು ಕಾದೆವು.
ಬರಲಿಲ್ಲ.
ಕೈಗಳನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ.
ಟೇವಿಶ್ ತನ್ನ ಕಪ್ಪಿನ ಹಿಡಿಯನ್ನೇ ನೋಡುತ್ತಿದ್ದ;
ಕ್ಷಮಿಸಿದನೋ ಇಲ್ಲವೋ, ನಾನು ಕೇಳಿಲ್ಲ.

ಮೇಲಿನವರ ಜೊತೆ ಅವಳು ಏನು ಗುದ್ದಾಡಿದಳೋ,
ಮಾರ್ಚಿನ ಪಟ್ಟಿಯಲ್ಲಿ ಮತ್ತೆ ರಾತ್ರಿಗಿಬ್ಬರು.
ಹಣ ಸಾಲದೆ ಉಳಿದ ಗುರುವಾರಗಳಿಗೆ ಮಾತ್ರ
ನಮ್ಮ ಹೆಸರಿನ ಪಕ್ಕ ಇನ್ನೊಂದು ಹೆಸರು,
ಅದೇ ಕೆಂಪು ಪೆನ್ನು.

ಈಗಲೂ ರಾತ್ರಿ ಎರಡಕ್ಕೆ ಎಚ್ಚರಾಗುತ್ತದೆ, ಸರದಿ ಇರಲಿ ಬಿಡಲಿ.
ದಿಂಬಿನಡಿ ತಡಕುತ್ತೇನೆ: ಫೋನಿಲ್ಲ. ಹೌದು, ಗುರುವಾರ.
ಮೆಟ್ಟಿಲ ಮೇಲೆ ಬೂಟಿನ ಸದ್ದು,
ನಲವತ್ತೊಂಬತ್ತರ ಮೊಣಕಾಲು, ಮಹಡಿ ಮಹಡಿಗೂ ನಿಂತು ನಿಂತು.
ನನ್ನ ಬಾಗಿಲ ಮುಂದೆಯೂ ಒಂದು ಕ್ಷಣ.
ಮಗ್ಗುಲಾಗುತ್ತೇನೆ.

ಎಲ್ಲಿಂದಲೋ ಪಾಪ್‌ಕಾರ್ನ್ ಸೀಯುವ ವಾಸನೆ.
ಕಂಬಳಿಗೆ ಕೈ ಹಾಕುತ್ತೇನೆ.