ಏಪ್ರಿಲ್ಲಿನ ಬೂಸ್ಟು

ನಮ್ಮ ಸಾಲ್ಟೊದಲ್ಲಿ ಏಪ್ರಿಲ್ ಅಂದರೆ
ಚಳಿ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುವ ತಿಂಗಳು.
ಹಿತ್ತಲಲ್ಲಿ ಆರು ಗಾಂಜಾ ಗಿಡ,
ಸರ್ಕಾರದ ಪಟ್ಟಿಯಲ್ಲಿ ತಮ್ಮ ವಿಲ್ಮಾರನ ಹೆಸರಿಗೆ.
ನೀರು ಹುಯ್ಯುವವಳು ನಾನು.

ಜನವರಿಯಲ್ಲಿ ಇರುವೆ ಬಂದವು.
ಒಂದೇ ರಾತ್ರಿಗೆ ಒಂದು ಗಿಡ ಬೋಳು.
ಟಾರ್ಚ್ ಹಿಡಿದು ಸಾಲಿನ ಹಿಂದೆ ಹೋದೆ:
ಹಸಿರು ಚೂರು ಹೊತ್ತು, ಬೇಲಿ ದಾಟಿ,
ಪಾದ್ರಿಯ ಗುಲಾಬಿ ಬುಡಕ್ಕೆ.
ಅವು ಎಲೆ ತಿನ್ನುವುದಿಲ್ಲ,
ಎಲೆಯ ಮೇಲೆ ಬೂಸ್ಟು ಬೆಳೆಸಿ ತಿನ್ನುತ್ತವೆ.
ಪಾದ್ರಿಗೆ ನಾನೇನೂ ಹೇಳಲಿಲ್ಲ.

ಆಮೇಲೆ ಜೇಡನುಸಿ;
ಎಲೆಯ ಮೇಲೆ ಉಪ್ಪು ಚೆಲ್ಲಿದಂಥ ಚುಕ್ಕೆ.
ಸಾಬೂನು ನೀರು, ಬೇವಿನೆಣ್ಣೆ
(ಬಾಟಲಿಯ ಮೇಲೆ ನಾನೆಂದೂ ಕಾಣದ ಮರ)
ಮೂರು ದಿನಕ್ಕೊಮ್ಮೆ, ಒಂದೊಂದೇ ಎಲೆ ಮಗುಚಿ,
ಜ್ವರದ ಮಗುವಿನ ಕಿವಿಯ ಹಿಂದೆ ಒರೆಸುವಂತೆ.

ಈಗ, ಹೂ ಬಿಗಿದು ಕೈಗಂಟುವ ಹೊತ್ತಿಗೆ,
ನದಿಯಿಂದ ಮಂಜು.
ಎಲ್ಲಕ್ಕಿಂತ ದಪ್ಪ ಹೂವಿನೊಳಗೇ ಬೂದು ಬೂಸ್ಟು.
ಹೊರಗೆ ಒಂದೇ ಒಂದು ಒಣಗಿದ ಎಲೆ ಸಾಕ್ಷಿ,
ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

"ಅಷ್ಟು ಚೂರೇ ತೆಗಿ," ವಿಲ್ಮಾರ್ ಮಾಟೆ ಹೀರುತ್ತ,
ಗೆಣ್ಣು ಊದಿ ಕತ್ತರಿ ಹಿಡಿಯಲಾರದವನು.
ನಾನು ಗೇಣು ಕೆಳಗಿನಿಂದ ಕತ್ತರಿಸುತ್ತೇನೆ.
ಸ್ಪಿರಿಟ್ಟಿನಲ್ಲಿ ಅದ್ದಿ, ಮತ್ತೆ.
ಇಪ್ಪತ್ತೆರಡು ವರ್ಷ ಆಪರೇಷನ್ ಕೋಣೆಯಲ್ಲಿದ್ದವಳು,
'ಚೂರೇ' ಅನ್ನುವ ಮಾತು ನಂಬುವುದಿಲ್ಲ.

ಬಕೆಟ್ಟು ತುಂಬಿತು. ಅವನು ಒಳಗೆ ಹೋದ.
ಬೇಲಿಯಾಚೆ, ಗುಲಾಬಿಯ ಕೆಳಗೆ, ಕತ್ತಲಲ್ಲಿ,
ನಮ್ಮ ಜನವರಿಯ ಎಲೆಗೆ ಬೂಸ್ಟು ಹಿಡಿಸಿದವರು
ಈ ಹೊತ್ತಿಗೆ ಊಟಕ್ಕೆ ಕೂತಿರಬೇಕು.