ಹುರಿ

ಸೆಜಿಮ್, ನಿನ್ನ ಕಾಲಿನ ದಾರ ಕಡಿದವಳು ನಾನು.
ಸಾರಿ-ಮೊಗೊಲ್‌ನ ಹುಲ್ಲಿನ ಮೇಲೆ, ಹನ್ನೊಂದು ಮಕ್ಕಳ ಓಟದಲ್ಲಿ
ಎರಡು ಮಾರು ಮುಂದಿದ್ದೆ.
ನಿನಗಾಗ ವರ್ಷ ತುಂಬಿ ಹತ್ತು ದಿನ, ನನಗೆ ಒಂಬತ್ತು ವರ್ಷ.
ಕಪ್ಪು ಬಿಳಿ ಉಣ್ಣೆ ಹೊಸೆದು ನಿನ್ನಜ್ಜಿ
ಕುದುರೆಯ ಮುಂಗಾಲಿಗೆ ಕಟ್ಟುವ ಹಾಗೆ ಕಟ್ಟಿದ್ದಳು.
ಕಡಿದವರ ನಡಿಗೆ ಮಗುವಿಗೆ ಬರುತ್ತದೆ
ಅನ್ನುತ್ತಾರೆ ನಮ್ಮಲ್ಲಿ.
ಬಹುಮಾನ: ಒಂದು ಹಸಿರು ಬಟ್ಟಲು.

ಒಂದು ಮಾತು ಯಾರಿಗೂ ಹೇಳಿಲ್ಲ.
ಚಾಕು ಮೊಂಡಾಗಿತ್ತು. ಕಪ್ಪೆಳೆ ಹರಿಯಿತು, ಬಿಳಿಯೆಳೆ ಉಳಿಯಿತು.
ಬಗ್ಗಿ ಹಲ್ಲಿನಿಂದ ಕಚ್ಚಿ ಕಡಿದೆ.
ಪಾದಕ್ಕೆ ಮುತ್ತಿಟ್ಟೆನೆಂದುಕೊಂಡರು ಎಲ್ಲರೂ.

ನಾಲ್ಕು ವರ್ಷ ಓಡಿದೆ ನೀನು,
ಕುರಿಮರಿಯ ಹಿಂದೆ, ಆಕ್ತೋಶ್‌ನ ಹಿಂದೆ.
ಆ ನಾಯಿಯ ಕುತ್ತಿಗೆಯ ರೋಮದಲ್ಲಿ ಮುಖ ಹುದುಗಿಸಿ,
ಅದೇ ಕೈಯಲ್ಲಿ ರೊಟ್ಟಿ ಮುರಿದು ತಿಂದು.

ಈ ಚಳಿಗಾಲ
ಎಡ ಬೂಟಿನ ಮೂತಿ ಮಾತ್ರ ಸವೆಯತೊಡಗಿತು.
ಹೊಸ್ತಿಲು ನಿನಗೆ ಎತ್ತರವಾಯಿತು.
ರಾತ್ರಿ ಬೆನ್ನು ಬೆನ್ನು ಎಂದು ಅಳುವೆ;
ಹಾಸಿಗೆ ಒದ್ದೆಯಾದರೆ ಐದು ವರ್ಷದವಳ ನಾಚಿಕೆ,
ಮೇಲೆ ಬೈಗುಳ.
ನಲ್ಲಿಯ ಸಾಲಿನಲ್ಲಿ ಹೆಂಗಸರು
ನಿನ್ನ ಕಾಲನ್ನಲ್ಲ, ನನ್ನ ಕಾಲನ್ನು ನೋಡಿದರು.
ಯಾರಿಲ್ಲದಾಗಲೂ ನೇರ ಹೆಜ್ಜೆ ಇಡುವುದನ್ನು ಕಲಿತೆ.

ಕಣಿವೆ ದಾಟಿ ಓಶ್‌ಗೆ ವ್ಯಾನು. ನನ್ನ ತೊಡೆಯ ಮೇಲೆ ನಿನ್ನ ತಲೆ.
ಡಾಕ್ಟರ್ ತುರ್ದುಬಾಯೆವಾ
ಬೀಗದ ಕೈಯಿಂದ ನಿನ್ನ ಅಂಗಾಲು ಗೀರಿದರು.
ನೀನು ಚಾವಣಿಯ ನೊಣ ನೋಡುತ್ತಿದ್ದೆ.
ಸೆಜಿಮ್ ಅಂದರೆ ಅರಿವು, ಮುಟ್ಟಿದರೆ ಗೊತ್ತಾಗುವುದು.
ಹೆಸರು ಬರೆದುಕೊಳ್ಳುವಾಗ ಅವರ ಪೆನ್ನು
ಒಂದು ಗಳಿಗೆ ನಿಂತಿತು.

ಸ್ಕ್ಯಾನಿನ ಕರಿ ಹಾಳೆಯಲ್ಲಿ ಬೆನ್ನುಹುರಿ.
ಹುರಿಯೇ ಅದು, ಯಾರೋ ಹೊಸೆದದ್ದೇ.
ಅದಕ್ಕೆ ಆತು ಕೂತಿದ್ದವು ನೀರುಗುಳ್ಳೆಗಳು,
ಬಿಳಿ ದ್ರಾಕ್ಷಿಯ ಹಾಗೆ, ಒತ್ತಿ ಒತ್ತಿ.
“ಮನೆಯಲ್ಲಿ ಕುರಿ ಇವೆಯೇ? ನಾಯಿ?”
ನಿನ್ನಪ್ಪ ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.
ಕುರಿ ಕೊಯ್ದಾಗಲೆಲ್ಲ ಗುಳ್ಳೆ ಎದ್ದ ಈಲಿಯನ್ನು
ಆಕ್ತೋಶ್‌ಗೆ ಎಸೆದ ಕೈ
ಆ ಟೋಪಿಯನ್ನು ತಿರುಗಿಸುತ್ತಲೇ ಇತ್ತು.

ನನ್ನ ಹಲ್ಲಿನ ತಪ್ಪಲ್ಲ ಹಾಗಾದರೆ.
ಎದೆ ಹಗುರಾಯಿತು.
ಆಮೇಲೆ, ಹಗುರಾದದ್ದಕ್ಕೇ ನಾಚಿಕೆಯಾಯಿತು.

ಈಗ ಕಂಬಕ್ಕೆ ಕಟ್ಟಿರುವುದು ಆಕ್ತೋಶ್‌ನನ್ನು.
ಕೊಬ್ಬಿನಲ್ಲಿ ಸುತ್ತಿದ ಮಾತ್ರೆ ನುಂಗಿ
ನಿನ್ನ ಕಿಟಕಿಯತ್ತ ನೋಡುತ್ತ ಬಾಲ ಬಡಿಯುತ್ತದೆ.
ನಿನ್ನ ಬೆನ್ನಿನಲ್ಲಿ ಹೊಲಿಗೆಯ ಸಾಲು; ಗೋಡೆ ಹಿಡಿದು ನಾಲ್ಕು ಹೆಜ್ಜೆ,
ಐದನೆಯದಕ್ಕೆ ಕೂತುಬಿಡುತ್ತೀ.

ಅಜ್ಜಿ ಮತ್ತೆ ಉಣ್ಣೆ ಹೊಸೆದಳು. ಬೇಡವೆಂದರೆ ಕೇಳಲಿಲ್ಲ.
ಓಟವಿಲ್ಲ, ಜನವಿಲ್ಲ, ಬಟ್ಟಲಿಲ್ಲ.
ನಾನೊಬ್ಬಳು, ಸಾಣೆ ಹಿಡಿಸಿದ ಕತ್ತರಿಯೊಂದು.
ಗಂಟು ಬಿಗಿಯುತ್ತಲೇ ಮುಖ ಸಿಂಡರಿಸಿದೆ:
“ಚುಚ್ಚುತ್ತೆ.”
ಯಾವ ಕಾಲಿಗೆ?
“ಇದಕ್ಕೆ. ಎಡದ್ದಕ್ಕೆ. ಉಣ್ಣೆ ತುರಿಸುತ್ತೆ, ಬೇಗ ಕತ್ತರಿಸು.”

ಕತ್ತರಿ ಬಾಯಿ ತೆರೆದೇ ಇತ್ತು ನನ್ನ ಕೈಯಲ್ಲಿ.
ಇನ್ನೊಂದು ಸಲ ಹೇಳು, ಅಂದೆ.